ಗ್ರೀಕ್ ವರ್ಣಮಾಲೆ: ಲೇಖನ, ಉಚ್ಚಾರಣೆ ಮತ್ತು ಕನ್ನಡ ವಿದ್ಯಾರ್ಥಿ

೧

ಗ್ರೀಕ್ ವರ್ಣಮಾಲೆಯ ಇಪ್ಪತ್ತನಾಲ್ಕು ಅಕ್ಷರಗಳಲ್ಲಿ ಹಲವು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಪರಿಚಿತವೇನೂ ಅಲ್ಲ. ಗಣಿತದಲ್ಲಿ ಪೈ, ಥೀಟಾ, ಸಿಗ್ಮಾಗಳನ್ನೂ ಭೌತವಿಜ್ಞಾನದಲ್ಲಿ ಆಲ್ಫಾ, ಬೀಟಾ, ಗ್ಯಾಮಾ ಕಿರಣಗಳನ್ನೂ ಅವರು ನಿತ್ಯವೂ ಬಳಸುತ್ತಾರೆ. ಆದರೆ ಅಲ್ಲಿ ಈ ಅಕ್ಷರಗಳು ಪರಿಮಾಣಗಳ ಸಂಕೇತಗಳೇ ಹೊರತು ಧ್ವನಿಗಳ ಸಂಕೇತಗಳಲ್ಲ. ಸಾಹಿತ್ಯದ ವಿದ್ಯಾರ್ಥಿಗಾದರೋ ಗ್ರೀಕ್ ನಾಟಕ, ಗ್ರೀಕ್ ಕಾವ್ಯಮೀಮಾಂಸೆಗಳ ಹೆಸರು ಚಿರಪರಿಚಿತ. ಆ ಭಾಷೆಯ ಒಂದು ಪದವನ್ನು ಮೂಲಲಿಪಿಯಲ್ಲಿ ಓದಬಲ್ಲವರು ಮಾತ್ರ ವಿರಳ. ಇಂಗ್ಲಿಷಿನ ಮೂಲಕ ಬಂದುದೇ ಸಾಕೆಂಬ ತೃಪ್ತಿ ನಮ್ಮಲ್ಲಿ ನೆಲೆಸಿಬಿಟ್ಟಿದೆ.

ಈ ತೃಪ್ತಿಗೆ ಅವಕಾಶವಿಲ್ಲವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಗ್ರೀಕ್ ಲಿಪಿಯ ಪ್ರಶ್ನೆ ಕನ್ನಡಿಗರಿಗೆ ಕೇವಲ ಪರಭಾಷಾಕುತೂಹಲದ ಪ್ರಶ್ನೆಯಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು, ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರಿಂದ ೧೯೦೩ರಲ್ಲಿ ಪ್ರಕಟವಾದ ೪೧೩ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದು ಕ್ರಿಸ್ತಶಕ ಎರಡನೆಯ ಶತಮಾನದ ಬರೆಹವೆಂದು ಎಣಿಕೆ. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತುಗಳು ಕನ್ನಡವೆಂದು ಹುಲ್ಟ್ಸ್ ಎಂಬ ಪ್ರಸಿದ್ಧ ಶಾಸನತಜ್ಞರು ೧೯೦೪ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಈ ವಾದವನ್ನು ಪುಷ್ಟಿಗೊಳಿಸಲು ಯತ್ನಿಸಿದರು. ಎಲ್. ಡಿ. ಬಾರ್ನೆಟ್ ಅವರು ೧೯೨೬ರಲ್ಲಿ ಇದನ್ನು ನಿರಾಕರಿಸಿದರು. ಈಚೆಗೆ ಆ ಮಾತು ತುಳುವೆಂಬ ವಾದವೂ ಹುಟ್ಟಿದೆ. ಹಲ್ಮಿಡಿ ಶಾಸನಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಕನ್ನಡ ವಾಕ್ಯಗಳು ದೊರೆಯುತ್ತವೆಯೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಆದರೆ ಈ ವಿಷಯವನ್ನು ಕುರಿತು ನಮ್ಮಲ್ಲಿ ನಡೆದ ಚರ್ಚೆಯ ಬಹುಭಾಗ ಅಕ್ಷರಗಳ ಬೆಲೆಯನ್ನು ನಿರ್ಧರಿಸಿಕೊಳ್ಳದೆಯೇ ನಡೆದಿದೆ. ಇದೇ ನಮ್ಮ ಮುಖ್ಯ ಆಕ್ಷೇಪ.

೨

ಮೊದಲು ಲೇಖನದ ವಿಚಾರ. ಗ್ರೀಕರು ತಮ್ಮ ಲಿಪಿಯನ್ನು ಫಿನೀಷಿಯನ್ನರಿಂದ ಪಡೆದರೆಂಬುದು ಹೆರೊಡೊಟಸನ ಕಾಲದಿಂದಲೂ ಪ್ರಸಿದ್ಧವಾದ ಮಾತು; ಅಕ್ಷರಗಳ ಆಕಾರ, ಕ್ರಮ, ಹೆಸರುಗಳೆಲ್ಲ ಅದನ್ನು ಸಮರ್ಥಿಸುತ್ತವೆ. ಆ ಸೆಮಿಟಿಕ್ ಲಿಪಿಯಲ್ಲಿ ವ್ಯಂಜನಗಳಿಗೆ ಮಾತ್ರ ಚಿಹ್ನೆಗಳಿದ್ದುವು. ಗ್ರೀಕರು ತಮ್ಮ ಭಾಷೆಗೆ ಬೇಡವಾದ ಕಂಠ್ಯವರ್ಣಗಳ ಚಿಹ್ನೆಗಳನ್ನು ಸ್ವರಗಳಿಗೆ ವಿನಿಯೋಗಿಸಿಕೊಂಡರು. ಹೀಗೆ ಸ್ವರ ವ್ಯಂಜನಗಳೆರಡಕ್ಕೂ ಸಮಾನಸ್ಥಾನವುಳ್ಳ ವರ್ಣಮಾಲೆ ಸಿದ್ಧವಾಯಿತು. ನಮ್ಮ ವರ್ಣಮಾಲೆಯಂತೆ ಸ್ಥಾನ ಪ್ರಯತ್ನಗಳನ್ನನುಸರಿಸಿದ ಶಾಸ್ತ್ರೀಯ ಕ್ರಮ ಅದಕ್ಕಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳ ತೊಡಕೂ ಇಲ್ಲ. ಆದಕಾರಣ ಕನ್ನಡ ಬರೆಯಬಲ್ಲ ವಿದ್ಯಾರ್ಥಿಗೆ ಈ ಲಿಪಿ ಒಂದು ವಾರದ ಅಭ್ಯಾಸಕ್ಕೆ ಮೀರಿದ್ದಲ್ಲ.

ಅಭ್ಯಾಸದ ಕ್ರಮದಲ್ಲಿ ಮಾತ್ರ ಎಚ್ಚರ ಬೇಕು. ಮುದ್ರಿತ ಪುಸ್ತಕಗಳಲ್ಲಿ ಕಾಣುವ ಸಣ್ಣಕ್ಷರಗಳು ಕ್ರಿಸ್ತಶಕ ಒಂಬತ್ತನೆಯ ಶತಮಾನದಿಂದ ಗ್ರಂಥಲೇಖನದಲ್ಲಿ ರೂಢಿಗೆ ಬಂದವು. ಸೊಫೊಕ್ಲೀಸನಾಗಲಿ ಅರಿಸ್ಟಾಟಲನಾಗಲಿ ಅವನ್ನು ಕಂಡವರಲ್ಲ. ಶಿಲಾಶಾಸನಗಳಲ್ಲಿರುವುದು ದೊಡ್ಡಕ್ಷರಗಳು. ಪಪೈರಸ್ಸುಗಳಲ್ಲಿ ಅವೇ ಲೇಖನಿಯ ಓಟಕ್ಕೆ ಬಳುಕಿ ದುಂಡಾಗಿರುತ್ತವೆ. ಅಲ್ಲಿ ಸಿಗ್ಮ ಅರ್ಧಚಂದ್ರಾಕಾರವಾಗಿರುತ್ತದೆ. ಮೇಲಾಗಿ ಪ್ರಾಚೀನ ಬರೆಹದಲ್ಲಿ ಪದಗಳ ನಡುವೆ ಸಾಮಾನ್ಯವಾಗಿ ತೆರಪಿಲ್ಲ. ಗ್ರೀಕ್ ಬಲ್ಲವನು ಗ್ರೀಕ್ ಮಾತನ್ನು ಸುಲಭವಾಗಿ ಬಿಡಿಸಿಕೊಳ್ಳುತ್ತಾನೆ. ಆದರೆ ಅನ್ಯಭಾಷೆಯ ಮಾತನ್ನು ಗ್ರೀಕ್ ಅಕ್ಷರಗಳಲ್ಲಿ ಒಂದೇ ಸಮನೆ ಬರೆದಿದ್ದರೆ ಪದವಿಭಾಗವೇ ಒಂದು ಊಹೆಯಾಗುತ್ತದೆ. ನಮ್ಮ ಓಲೆಗರಿಗಳನ್ನು ಓದಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಕೈಯಿಂದ ಬರೆದು ಕಲಿಯುವುದರ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ಎರಡು ಓರೆಗೆರೆಗಳು ಮೇಲ್ತುದಿಯಲ್ಲಿ ಕೂಡಿದರೆ ಲಾಂಬ್ದ. ಅವುಗಳ ಬುಡವನ್ನು ಒಂದು ಅಡ್ಡಗೆರೆ ಸೇರಿಸಿದರೆ ದೆಲ್ತ. ಆ ಅಡ್ಡಗೆರೆ ನಡುವೆ ಬಂದರೆ ಆಲ್ಫ. ಹೀಗೆ ಲಕಾರಕ್ಕೂ ದಕಾರಕ್ಕೂ ಇರುವ ಅಂತರ ಒಂದು ಗೆರೆ ಮಾತ್ರ. ದಕ್ಷಿಣ ಭಾರತದ ಪಶ್ಚಿಮ ಕರಾವಳಿಯ ಭಾಗವೊಂದನ್ನು 'ಪೆರಿಪ್ಲಸ್' ಗ್ರಂಥದ ಮತ್ತು ಟಾಲೆಮಿಯ ಭೂಗೋಳದ ಹಸ್ತಪ್ರತಿಗಳು ಲಿಮುರಿಕೆ ಎಂದು ಕರೆಯುತ್ತವೆ. ಪ್ಯೂಟಿಂಗರ್ ನಕ್ಷೆಯೆಂದು ಹೆಸರಾದ ಲ್ಯಾಟಿನ್ ಭೂಪಟದಲ್ಲಾದರೋ ದಕಾರಾದಿಯಾದ ದಮಿರಿಕೆ ಎಂಬ ರೂಪವಿದೆ. ಮೂಲದ ದೆಲ್ತವನ್ನು ಲಿಪಿಕಾರರು ಲಾಂಬ್ದವೆಂದು ಓದಿದುದರಿಂದ 'ತಮಿಳ' ಶಬ್ದಕ್ಕೆ ಸಂಬಂಧಿಸಿದ ನಾಡಿನ ಹೆಸರು ಹೀಗೆ ಮರೆಯಾಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅಕ್ಷರಗಳನ್ನು ಸ್ವತಃ ಬರೆದು ನೋಡಿದವನಿಗೆ ಈ ಊಹೆಯ ಬಲವೂ ಅದರ ಮಿತಿಯೂ ಒಟ್ಟಿಗೆ ತಿಳಿಯುತ್ತವೆ.

೩

ಉಚ್ಚಾರಣೆಯ ವಿಷಯದಲ್ಲಿ ಯೂರೋಪಿನಲ್ಲಿ ದೀರ್ಘವಾದ ವಿವಾದ ನಡೆದಿದೆ. ಬೈಜಾಂಟಿಯಮ್ಮಿನಿಂದ ಇಟಲಿಗೆ ಬಂದ ವಿದ್ವಾಂಸರು ಹಳೆಯ ಗ್ರೀಕನ್ನು ತಮ್ಮ ಆಡುನುಡಿಯ ಉಚ್ಚಾರಣೆಯಲ್ಲೇ ಕಲಿಸಿದರು. ಜರ್ಮನಿಯ ರಾಯ್ಖ್ಲಿನ್ ಈ ಸಂಪ್ರದಾಯವನ್ನು ಅನುಸರಿಸಿದನು. ಅದರಲ್ಲಿ ಏತ, ಇಯೋತ, ಉಪ್ಸಿಲೋನ್ ಎಂಬ ಬೇರೆ ಬೇರೆ ಅಕ್ಷರಗಳೂ, ಎಪ್ಸಿಲೋನ್-ಇಯೋತ ಮೊದಲಾದ ಕೆಲವು ಜೋಡಿಗಳೂ ಇಕಾರವಾಗಿಯೇ ಕೇಳಿಸುತ್ತವೆ. ಇಷ್ಟು ಅಕ್ಷರಗಳನ್ನು ಒಂದೇ ಧ್ವನಿಗೆ ಯಾರು ತಾನೆ ಕಲ್ಪಿಸಿಯಾರು ಎಂಬ ಸಂದೇಹ ಸಹಜವಾದುದು. ಎರಾಸ್ಮಸ್ ೧೫೨೮ರಲ್ಲಿ ಪ್ರಕಟಿಸಿದ ಸಂವಾದರೂಪದ ಗ್ರಂಥದಲ್ಲಿ ಪ್ರಾಚೀನರ ಉಚ್ಚಾರಣೆ ಬೇರೆಯಾಗಿತ್ತೆಂದು ವಾದಿಸಿದನು. ಕೇಂಬ್ರಿಜಿನಲ್ಲಿ ಚೀಕ್ ಮತ್ತು ಸ್ಮಿತ್ ಎಂಬ ಅಧ್ಯಾಪಕರು ಹೊಸ ಕ್ರಮವನ್ನು ಕೈಕೊಂಡಾಗ, ಆ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಗಾರ್ಡಿನರ್ ೧೫೪೨ರಲ್ಲಿ ಅದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನು. ಉಚ್ಚಾರಣೆಯ ಪ್ರಶ್ನೆ ರಾಜಾಜ್ಞೆಯಿಂದ ತೀರ್ಮಾನವಾಗುವಂಥದಲ್ಲವಾದುದರಿಂದ ಎರಾಸ್ಮಸನ ಪಕ್ಷವೇ ಕೊನೆಗೆ ಯೂರೋಪಿನ ವಿದ್ಯಾಲಯಗಳಲ್ಲಿ ಗೆದ್ದಿತು.

ಅದಕ್ಕೆ ಆಧಾರಗಳೂ ಗಟ್ಟಿಯಾಗಿಯೇ ಇವೆ. ಕ್ರಟೀನಸ್ ಎಂಬ ಪ್ರಾಚೀನ ಹಾಸ್ಯನಾಟಕಕಾರನ ತುಣುಕೊಂದರಲ್ಲಿ ಕುರಿಯ ಕೂಗನ್ನು ಬೇತ ಮತ್ತು ಏತ ಅಕ್ಷರಗಳಿಂದ ಬರೆದಿದೆ. ಈಗಿನ ಗ್ರೀಕರ ಕ್ರಮದಂತೆ ಓದಿದರೆ ಆ ಕುರಿ 'ವೀ ವೀ' ಎನ್ನಬೇಕಾಗುತ್ತದೆ. ಯಾವ ನಾಡಿನ ಕುರಿಯೂ ಹಾಗೆ ಕೂಗುವುದಿಲ್ಲ. ನಮ್ಮ ಹಳ್ಳಿಗರು 'ಬ್ಯಾ' ಎಂದು ಅನುಕರಿಸುವ ಧ್ವನಿಯೇ ಅಲ್ಲಿ ಉದ್ದಿಷ್ಟ. ಫಿ ಎಂಬ ಅಕ್ಷರವಿರುವ ಹೆಸರುಗಳನ್ನು ಹಳೆಯ ರೋಮನರು ಪಕಾರದಿಂದಲೂ ಅನಂತರ ಪಕಾರ-ಹಕಾರಗಳನ್ನು ಜೋಡಿಸಿಯೂ ಬರೆದರೇ ಹೊರತು ತಮ್ಮಲ್ಲಿದ್ದ ಊಷ್ಮ ಫಕಾರವನ್ನು ಉಪಯೋಗಿಸಲಿಲ್ಲ. ಲ್ಯಾಟಿನ್ ಹೆಸರೊಂದರ ಮೊದಲಿನ ಆ ಫಕಾರವನ್ನು ಉಚ್ಚರಿಸಲಾರದೆ ಹೋದ ಗ್ರೀಕ್ ಸಾಕ್ಷಿಯನ್ನು ಸಿಸೆರೊ ಪರಿಹಾಸ ಮಾಡಿದನೆಂದು ಕ್ವಿಂಟಿಲಿಯನ್ ಹೇಳುತ್ತಾನೆ. ಅಂದಮೇಲೆ ಪ್ರಾಚೀನ ಗ್ರೀಕರ ಫಿ ಎಂಬುದು ನಮ್ಮ ಮಹಾಪ್ರಾಣ ಫಕಾರ. ಹಾಗೆಯೇ ಥೇತ ಥಕಾರ, ಖಿ ಖಕಾರ.

ನಮ್ಮ ಪಂಚಾಂಗಗಳಲ್ಲಿ ಉಳಿದಿರುವ ಯವನಪದಗಳೂ ಇದಕ್ಕೆ ಅನುಕೂಲವಾಗಿವೆ. ಹೋರಾ, ಕೇಂದ್ರ ಮೊದಲಾದ ಶಬ್ದಗಳು ಗ್ರೀಕಿನಿಂದ ಬಂದವೆಂಬುದು ಸುವಿದಿತ. ವರಾಹಮಿಹಿರನು ಹೇಳುವ ಪಣಫರ ಎಂಬ ಪಾರಿಭಾಷಿಕದಲ್ಲಿ ಫಿ ಅಕ್ಷರಕ್ಕೆ ಫಕಾರವೂ, ಕನ್ಯಾರಾಶಿಗೆ ಅವನು ಕೊಡುವ ಪಾಥೋನ ಎಂಬ ಹೆಸರಿನಲ್ಲಿ ಥೇತಕ್ಕೆ ಥಕಾರವೂ ಬಂದಿವೆ. ಊಷ್ಮ ಫಕಾರಕ್ಕೆ ಸಂಸ್ಕೃತದಲ್ಲಿ ಬೇರೆ ಅಕ್ಷರವಿಲ್ಲವಾದುದರಿಂದ ಇದೊಂದನ್ನೇ ನಿರ್ಣಾಯಕವೆನ್ನಲಾಗದು. ಆದರೆ ಉಳಿದ ಪ್ರಮಾಣಗಳಿಗೆ ಇದು ವಿರೋಧವಲ್ಲ.

ಹಾಗಾದರೆ ಪೈ, ಬೀಟಾ, ಥೀಟಾ ಎಂಬ ಹೆಸರುಗಳು ಎಲ್ಲಿಂದ ಬಂದುವು? ಇಂಗ್ಲಿಷ್ ಭಾಷೆಯ ದೀರ್ಘಸ್ವರಗಳೆಲ್ಲ ಮಧ್ಯಯುಗದ ಅನಂತರ ಸ್ಥಾನಪಲ್ಲಟ ಹೊಂದಿದಾಗ, ಇಂಗ್ಲೆಂಡಿನಲ್ಲಿ ಓದುತ್ತಿದ್ದ ಗ್ರೀಕಿನ ಸ್ವರಗಳೂ ಅವುಗಳ ಜೊತೆ ಜಾರಿದುವು. 'ಪಿ' 'ಪೈ' ಆಯಿತು. 'ಬೇತ' 'ಬೀಟಾ' ಆಯಿತು. ಅಂದರೆ ನಮ್ಮ ವಿದ್ಯಾರ್ಥಿ ಹೇಳುವ ಹೆಸರು ಪ್ರಾಚೀನ ಗ್ರೀಕರದೂ ಅಲ್ಲ, ಇಂದಿನ ಗ್ರೀಕರದೂ ಅಲ್ಲ, ಇಂಗ್ಲಿಷರದು. ಗಣಿತಕ್ಕೆ ಇದರಿಂದ ಬಾಧೆಯಿಲ್ಲ. ಸಾಹಿತ್ಯಕ್ಕೆ ಬಾಧೆಯಿದೆ.

೪

ಇಲ್ಲಿ ಕನ್ನಡ ವರ್ಣಮಾಲೆಯ ಉಪಕಾರವನ್ನು ವಿಚಾರಿಸಬೇಕು. ಗ್ರೀಕಿನಲ್ಲಿ ಹ್ರಸ್ವ ಎಕಾರಕ್ಕೆ ಎಪ್ಸಿಲೋನ್, ದೀರ್ಘಕ್ಕೆ ಏತ. ಹ್ರಸ್ವ ಒಕಾರಕ್ಕೆ ಒಮಿಕ್ರೋನ್, ದೀರ್ಘಕ್ಕೆ ಓಮೆಗ. ಸಂಸ್ಕೃತದಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ತಮಿಳಿನಲ್ಲಿ ಇವು ಇದ್ದರೂ ಮಹಾಪ್ರಾಣಾಕ್ಷರಗಳಿಲ್ಲ. ಇಂಗ್ಲಿಷಿನ ಲಿಪಿಯಲ್ಲಿ ಈ ಎರಡು ಭೇದಗಳಿಗೂ ಬೇರೆ ಬೇರೆ ಅಕ್ಷರಗಳಿಲ್ಲ. ಕನ್ನಡದಲ್ಲಿ ಎರಡೂ ಉಂಟು. ನೆರೆಯ ತೆಲುಗು ಮಲೆಯಾಳಗಳಲ್ಲಿಯೂ ಉಂಟು. ತೌ ಎಂಬುದು ದಂತ್ಯವಾದ ತಕಾರ, ದೆಲ್ತ ದಕಾರ. ಆದರೂ ಇಂಗ್ಲಿಷರ ವರ್ತ್ಸ್ಯಧ್ವನಿಯನ್ನು ಅನುಸರಿಸಿ ಪ್ಲೇಟೊ, ಅರಿಸ್ಟಾಟಲ್ ಎಂದು ಮೂರ್ಧನ್ಯಗಳಿಂದ ಬರೆಯುತ್ತ ಬಂದಿದ್ದೇವೆ. ಮೂಲರೂಪಗಳು ಪ್ಲತೋನ್, ಅರಿಸ್ತೊತೆಲೇಸ್, ಸಾಕ್ರೆಟೀಸನು ಸೋಕ್ರತೇಸ್. ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಹ್ರಸ್ವದೀರ್ಘಗಳ ಸಮೇತ ಬರೆಯಬಹುದೆಂಬುದು ಗಮನಾರ್ಹ. ರೂಢಿಯಾದ ಹೆಸರುಗಳನ್ನು ಈಗ ತಿದ್ದಬೇಕೆಂದು ನಾವು ಹೇಳುವುದಿಲ್ಲ, ಈ ಲೇಖನದಲ್ಲಿಯೂ ರೂಢಿಯನ್ನೇ ಅನುಸರಿಸಿದ್ದೇವೆ. ಮೂಲವನ್ನು ಅರಿತಿರಬೇಕೆಂಬುದಷ್ಟೇ ನಮ್ಮ ಅಪೇಕ್ಷೆ.

ಈ ಹೊಂದಿಕೆಯನ್ನು ಅತಿಯಾಗಿ ಹಿಗ್ಗಿಸಲೂ ಬಾರದು. ಏತದ ಉಚ್ಚಾರಣೆ ನಮ್ಮ ಏಕಾರಕ್ಕಿಂತ ವಿವೃತವಾದುದು, ಓಮೆಗವೂ ಹಾಗೆಯೇ. ಅಥೆನ್ಸಿನ ಉಪ್ಸಿಲೋನ್ ಧ್ವನಿ ನಮ್ಮಲ್ಲಿಲ್ಲ. ನಾಲಗೆಯನ್ನು ಇಕಾರದ ಸ್ಥಾನದಲ್ಲಿಟ್ಟು ತುಟಿಗಳನ್ನು ಉಕಾರಕ್ಕೆಂಬಂತೆ ದುಂಡಾಗಿಸಿದರೆ ಅದು ಬರುತ್ತದೆ. ಜೇತ ಎಂಬುದು ಮೊದಲು ಸಕಾರ-ದಕಾರಗಳ ಘೋಷಸಂಯೋಗವಾಗಿದ್ದು ಅನಂತರ ಒಂದೇ ಊಷ್ಮಧ್ವನಿಯಾಯಿತು. ಫಕಾರವನ್ನು ಇಂಗ್ಲಿಷಿನ ಊಷ್ಮದಂತೆ ಉಚ್ಚರಿಸುವ ಅಭ್ಯಾಸ ನಮ್ಮವರಲ್ಲಿಯೇ ಹರಡಿರುವುದರಿಂದ, ಫಿ ಅಕ್ಷರವನ್ನು ಕಲಿಯುವವನು ಮೊದಲು 'ಫಲ' ಶಬ್ದವನ್ನು ಸರಿಯಾಗಿ ಹೇಳಲು ಕಲಿಯಬೇಕು.

ಇನ್ನೊಂದು ಸಾಮ್ಯವೂ ವಿಚಾರಾರ್ಹವಾಗಿದೆ. ಅಥೆನ್ಸಿನವರು ಕ್ರಿಸ್ತಪೂರ್ವ ೪೦೩ರ ಸುಮಾರಿನಲ್ಲಿ ಅಯೋನಿಯದ ಅಕ್ಷರಮಾಲೆಯನ್ನು ಅಧಿಕೃತವಾಗಿ ಸ್ವೀಕರಿಸುವವರೆಗೆ ಅವರ ಶಾಸನಗಳಲ್ಲಿ ಹ್ರಸ್ವದೀರ್ಘ ಎಕಾರಗಳಿಗೆ ಒಂದೇ ಅಕ್ಷರ, ಒಕಾರಗಳಿಗೂ ಒಂದೇ. ನಮ್ಮ ಹಳೆಯ ಶಾಸನಗಳಲ್ಲಿಯೂ ಈ ಸ್ವರಗಳ ಗುಣಿತಗಳಲ್ಲಿ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಭೇದ ಬಾಯಲ್ಲಿತ್ತು, ಬರೆಹದಲ್ಲಿರಲಿಲ್ಲ. ಲಿಪಿ ಭಾಷೆಯ ಪೂರ್ಣಚಿತ್ರವಲ್ಲವೆಂಬ ಪಾಠವನ್ನು ಎರಡು ಸಾಹಿತ್ಯಗಳೂ ಕಲಿಸುತ್ತವೆ.

ಹ್ರಸ್ವದೀರ್ಘಗಳನ್ನು ಅಲಕ್ಷಿಸಿದರೆ ಛಂದಸ್ಸು ಕೈಬಿಟ್ಟುಹೋಗುತ್ತದೆ. ಹೋಮರನ ಷಟ್ಪದಿಪಂಕ್ತಿಯ ಮುಖ್ಯಗಣ ಒಂದು ಗುರು, ಎರಡು ಲಘು. ನಮ್ಮ ಪರಿಭಾಷೆಯಲ್ಲಿ ಭಗಣ. ಅದರ ಬದಲು ಎರಡು ಗುರುಗಳೂ ಬರಬಹುದು. ವ್ಯಂಜನಸಂಯೋಗದ ಹಿಂದಿನ ಅಕ್ಷರ ಗುರುವಾಗುವ ನಿಯಮವೂ ಅಲ್ಲಿ ಬಹುಮಟ್ಟಿಗೆ ನಮ್ಮದರಂತೆಯೇ ಇದೆ. ಆಘಾತಪ್ರಧಾನವಾದ ಇಂಗ್ಲಿಷ್ ಛಂದಸ್ಸಿನ ಮೂಲಕ ಇದನ್ನು ತಿಳಿಯಹೊರಟವನು ಸುತ್ತುದಾರಿಯನ್ನು ಹಿಡಿದಂತೆ.

ಉಚ್ಚಾರಣೆ ಅರ್ಥವನ್ನೇ ಮುಟ್ಟುವ ಉದಾಹರಣೆಯೂ ಉಂಟು. ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ೧೯೨೯ರಲ್ಲಿ ಪ್ರಕಟವಾದುದು. ಅದಕ್ಕೆ ಮಾದರಿ ಸೊಫೊಕ್ಲೀಸನ ನಾಟಕ. ಆ ನಾಯಕನನ್ನು ನಾವು ಇಂಗ್ಲಿಷಿನಿಂದ ಏಜಾಕ್ಸ್ ಎಂದು ಅರಿತಿದ್ದೇವೆ. ಗ್ರೀಕಿನಲ್ಲಿ ಅವನ ಹೆಸರಿಗೆ ಆಲ್ಫ, ಇಯೋತ, ಆಲ್ಫ, ಸಿಗ್ಮ ಎಂಬ ನಾಲ್ಕೇ ಅಕ್ಷರಗಳು: ಐಆಸ್. ಗ್ರೀಕರ ಶೋಕೋದ್ಗಾರ 'ಐಐ'. ಅಪಮಾನದಿಂದ ಬೆಂದ ನಾಯಕನು ತನ್ನ ಹೆಸರೇ ತನ್ನ ಗೋಳಿನ ಕೂಗಾಯಿತಲ್ಲ ಎಂದು ನಾಟಕದಲ್ಲಿ ಹಲುಬುತ್ತಾನೆ. ಏಜಾಕ್ಸ್ ಎಂದು ಓದುವವನಿಗೆ ಇದು ಅಡಿಟಿಪ್ಪಣಿಯಿಂದ ತಿಳಿಯಬೇಕಾದ ಶ್ಲೇಷ. ಐಆಸ್ ಎಂದು ಓದುವ ಕನ್ನಡಿಗನಿಗೆ 'ಅಯ್ಯೋ' ಎಂಬ ತನ್ನ ಮಾತೇ ಆ ಹೆಸರಿನೊಳಗಿಂದ ಕೇಳಿಬರುತ್ತದೆ. ನಾಲ್ಕು ಅಕ್ಷರಗಳ ಅರಿವಿನಿಂದ ದೊರೆಯುವ ಈ ಲಾಭ ಅಲ್ಪವಲ್ಲ.

೫

ಎರಾಸ್ಮಸನ ಪಕ್ಷ ಗೆದ್ದಿತೆಂದರೆ ರಾಯ್ಖ್ಲಿನನ ಪಕ್ಷ ಸುಳ್ಳೆಂದು ಅರ್ಥವಲ್ಲ. ಅದು ಬೇರೆ ಕಾಲದ ಸತ್ಯ. ಅಲೆಗ್ಸಾಂಡರನ ಅನಂತರ ಗ್ರೀಕ್ ಭಾಷೆ ಈಜಿಪ್ಟಿನಿಂದ ಗಾಂಧಾರದವರೆಗೆ ಹರಡಿದಾಗ ಅದರ ಸ್ವರಗಳು ಕ್ರಮೇಣ ಬದಲಾದುವು. ಎಪ್ಸಿಲೋನ್-ಇಯೋತಗಳ ಜೋಡಿ ಇಕಾರವಾಯಿತು, ಆಲ್ಫ-ಇಯೋತಗಳ ಜೋಡಿ ಎಕಾರವಾಯಿತು, ಹ್ರಸ್ವದೀರ್ಘಭೇದ ಅಳಿಸಿಹೋಗತೊಡಗಿತು, ಏತ ಮೆಲ್ಲಮೆಲ್ಲನೆ ಇಕಾರದ ಕಡೆಗೆ ಸರಿಯಿತು. ಅಕ್ಷರಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಎಪ್ಸಿಲೋನ್ ಎಂದರೆ 'ಬರಿಯ ಎ'. ಆಲ್ಫ-ಇಯೋತದ ಜೋಡಿಯೂ ಎಕಾರವಾಗಿಬಿಟ್ಟ ಮೇಲೆ ಅದರಿಂದ ಇದನ್ನು ಬೇರ್ಪಡಿಸಲು ವೈಯಾಕರಣರು ಹೀಗೆ ಹೇಳಬೇಕಾಯಿತು. ರೋಮನ್ ಕಾಲದ ಈಜಿಪ್ಟಿನ ಪಪೈರಸ್ಸುಗಳನ್ನು ಆಧರಿಸಿ ಗಿಗ್ನಾಕ್ ಎಂಬ ವಿದ್ವಾಂಸರು ೧೯೭೬ರಲ್ಲಿ ಪ್ರಕಟಿಸಿದ ಧ್ವನಿವ್ಯಾಕರಣದಲ್ಲಿ ಇಂಥ ಅಕ್ಷರವ್ಯತ್ಯಯಗಳ ರಾಶಿಯೇ ಇದೆ. ಅಲ್ಲಿನ ಲಿಪಿಕಾರರು ತಕಾರ-ದಕಾರಗಳನ್ನೂ ಕಕಾರ-ಗಕಾರಗಳನ್ನೂ ಒಂದಕ್ಕೊಂದು ಬದಲಾಗಿ ಬರೆಯುತ್ತಿದ್ದುದುಂಟು.

ಭಾರತದ ಹೆಸರುಗಳಲ್ಲಿಯೂ ಇದರ ಗುರುತುಗಳನ್ನು ಕಾಣಬಹುದು. ಟಾಲೆಮಿ ಹೆಸರಿಸುವ ಬನವಾಸಿಯ ಗ್ರೀಕ್ ಬರೆಹದಲ್ಲಿ ವಕಾರದ ಸ್ಥಾನದಲ್ಲಿ ಒಮಿಕ್ರೋನ್-ಉಪ್ಸಿಲೋನ್‌ಗಳೂ, ಕೊನೆಯ ಇಕಾರದ ಸ್ಥಾನದಲ್ಲಿ ಎಪ್ಸಿಲೋನ್-ಇಯೋತಗಳೂ ಇವೆ. ಪ್ರಾಚೀನ ಬೆಲೆಗಳಂತೆ ಓದಿದರೆ ಅದು ನಮ್ಮ ಊರಿನ ಹೆಸರಾಗುವುದಿಲ್ಲ. ಟಾಲೆಮಿಯ ಕಾಲದ ಬೆಲೆಗಳಂತೆ ಓದಿದರೆ ಬನವಾಸಿಯೇ ಸರಿ. ತಮಿಳರ ಮುಚಿರಿಯನ್ನು ಗ್ರೀಕರು ಜೇತ ಹಾಕಿ ಮುಜಿರಿಸ್ ಎಂದರು. ಚಂದ್ರಗುಪ್ತನ ಹೆಸರನ್ನು ಸಿಗ್ಮದಿಂದ ಆರಂಭಿಸಿದರು. ಚಕಾರಕ್ಕೆ ಅವರಲ್ಲಿ ಅಕ್ಷರವಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

೬

ಈಗ ಪಪೈರಸ್ಸಿನ ಮಾತಿಗೆ ಬರಬಹುದು. ಪ್ರಹಸನದ ನಾಯಿಕೆ ಖಾರಿತಿಯೋನ್ ಭಾರತದ ಸಮುದ್ರತೀರದಲ್ಲಿ ಸೆರೆಸಿಕ್ಕಿದ್ದಾಳೆ. ಅಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಗ್ರೀಕರು ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಮದ್ಯದ ಪ್ರಸಂಗದಲ್ಲಿ ಬರುವ ಒಂದು ಮಾತನ್ನು ಹುಲ್ಟ್ಸ್ 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಕನ್ನಡಿಗರ ಕಿವಿಗೆ ಇದು ಆಕರ್ಷಕವಾಗಿಯೇ ಕೇಳುತ್ತದೆ. ಅಕ್ಷರಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಪದದಲ್ಲಿ ಬೇತ, ಎಪ್ಸಿಲೋನ್, ರೋ, ಏತ ಇವೆ. ಪ್ರಾಚೀನ ಬೆಲೆಗಳಂತೆ ಇದು 'ಬೆರೇ'. ಕನ್ನಡದ 'ಬೇರೆ' ಶಬ್ದದಲ್ಲಿ ದೀರ್ಘ ಮೊದಲು, ಹ್ರಸ್ವ ಆಮೇಲೆ. ಇಲ್ಲಿ ಅದಕ್ಕೆ ನೇರವಾಗಿ ವಿರುದ್ಧ. ಆದರೆ ಎರಡನೆಯ ಶತಮಾನದ ಈಜಿಪ್ಟಿನಲ್ಲಿ ಹ್ರಸ್ವದೀರ್ಘಭೇದ ಶಿಥಿಲವಾಗಿದ್ದಿತೆಂದು ಒಪ್ಪಿದರೆ ಈ ಆಕ್ಷೇಪ ಬಿದ್ದುಹೋಗುತ್ತದೆ. ಆದಕಾರಣ ಈ ವಾದಕ್ಕೆ ಈಚಿನ ಬೆಲೆಗಳೇ ಆಧಾರವಾಗಬೇಕು. ಎರಡನೆಯ ಪದ ಕಪ್ಪ, ಒಮಿಕ್ರೋನ್, ನು, ಜೇತ, ಎಪ್ಸಿಲೋನ್, ಇಯೋತ. ಚಕಾರಕ್ಕೆ ಜೇತ ಬರಬಹುದೆಂಬುದಕ್ಕೆ ಮುಚಿರಿಯ ನಿದರ್ಶನವಿದೆ. ಆದರೆ ಕೊನೆಯ ಜೋಡಿ ಆ ಕಾಲದಲ್ಲಿ ಇಕಾರ. 'ಕೊಂಚ' ಆಗಬೇಕಾದರೆ ಅದನ್ನು ಅಕಾರವೆಂದು ತಿಳಿಯಬೇಕು. ಇತ್ತ 'ಹಾಕಿ' ಎಂದು ಓದಿದ ಪದ ಪಿ, ಆಲ್ಫ, ಕಪ್ಪ, ತೌ, ಎಪ್ಸಿಲೋನ್, ಇಯೋತ. ಅದರ ಮೊದಲ ಪಕಾರ ಹಳಗನ್ನಡದ ಪಕಾರಾದಿ ರೂಪಗಳಿಗೆ ಒಪ್ಪುವಂಥದು, ವಾದದ ಪರವಾದುದು. ಆದರೆ ನಡುವಿನ ತೌ ಅಕ್ಷರಕ್ಕೆ ಕೆಲಸವಿಲ್ಲ. ಇಲ್ಲಿ ಕೊನೆಯ ಜೋಡಿಯನ್ನು ಇಕಾರವೆಂದೇ ತೆಗೆದುಕೊಂಡಿದೆ. ಒಂದೇ ವಾಕ್ಯದಲ್ಲಿ ಒಂದೇ ಜೋಡಿಗೆ ಒಮ್ಮೆ ಅಕಾರದ ಬೆಲೆ, ಒಮ್ಮೆ ಇಕಾರದ ಬೆಲೆ! 'ಮಧು' ಎಂದು ಓದಿದ ಪದದಲ್ಲಿ ದೆಲ್ತ ಮೊದಲು, ಮು ಆಮೇಲೆ. ಅಕ್ಷರಗಳ ಸ್ಥಾನವನ್ನು ಅದಲುಬದಲು ಮಾಡಬೇಕು. 'ಪಾತ್ರಕ್ಕೆ' ಎಂಬಲ್ಲಿ ಪಕಾರದ ಮುಂದಿರುವುದು ಎಪ್ಸಿಲೋನ್. ಗ್ರೀಕಿನ ಯಾವ ಕಾಲದಲ್ಲಿಯೂ ಅದು ದೀರ್ಘ ಆಕಾರವಾಗಿರಲಿಲ್ಲ.

ಇದರಿಂದ ಆ ಮಾತು ಕನ್ನಡವಲ್ಲವೆಂದು ಸಿದ್ಧವಾಗುವುದೆ? ಇಲ್ಲ. ಕರಾವಳಿಯಲ್ಲಿ ಕೇಳಿದ ಮಾತನ್ನು ಅರ್ಥವರಿಯದವರು ನೆನಪಿನಿಂದ ಹೇಳಿ, ಅರ್ಥವರಿಯದ ಲಿಪಿಕಾರರು ಪ್ರತಿಯ ಮೇಲೆ ಪ್ರತಿಯೆತ್ತಿದ್ದರೆ ಇದಕ್ಕಿಂತ ಹೆಚ್ಚಿನ ವಿಕಾರಗಳೂ ಸಂಭವಿಸಬಹುದು. ಆದರೆ ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟರೆ ಅದೇ ಅಕ್ಷರಗಳಿಂದ ತುಳುವನ್ನೂ ತಮಿಳನ್ನೂ ಹೊರಡಿಸಬಹುದಲ್ಲವೆ? ಪ್ರೇಕ್ಷಕರನ್ನು ನಗಿಸಲೆಂದು ಕಟ್ಟಿದ ಅರ್ಥಹೀನ ಶಬ್ದಗಳೆಂಬ ಪಕ್ಷಕ್ಕೂ ಎಡೆಯುಂಟು. ಮದ್ಯಪಾನದ ಪ್ರಸಂಗ ಮೊದಲೇ ಗೊತ್ತಿರುವುದರಿಂದ ಪಾತ್ರೆಯೂ ಮಧುವೂ ಕಣ್ಣಿಗೆ ಬೇಗ ಬೀಳುತ್ತವೆ. ಹುಲ್ಟ್ಸ್ ಅವರ ಊಹೆ ವಿದ್ವತ್ತಿನ ಊಹೆ. ಅದನ್ನು ಸಿದ್ಧಾಂತವಾಗಿ ಪಠ್ಯಗಳಲ್ಲಿ ಹೇಳುತ್ತ ಬಂದಿರುವುದು ಅನಂತರದವರ ಅವಸರ. ಮೊದಲು ಆ ಕಾಲದ, ಆ ದೇಶದ ಅಕ್ಷರಗಳ ಬೆಲೆಗಳನ್ನು ಒಂದು ಪಟ್ಟಿಯಾಗಿ ನಿಶ್ಚಯಿಸಿಕೊಳ್ಳಬೇಕು. ಆಮೇಲೆ ಅದೇ ಪಟ್ಟಿಯನ್ನು ಪ್ರತಿಯೊಂದು ಪದಕ್ಕೂ ಅನ್ವಯಿಸಬೇಕು. ಎಲ್ಲಿ ಪಟ್ಟಿಯನ್ನು ಮೀರಬೇಕಾಯಿತೋ ಅಲ್ಲಿ ಮೀರಿದ್ದೇವೆಂದು ಹೇಳಬೇಕು. ಪರಭಾಷೆಯ ವಿದ್ವಾಂಸರು ನಮಗೆ ಪುರಾತನತ್ವವನ್ನು ದಯಪಾಲಿಸಿದಾಗ ಸಂತೋಷದಿಂದ ಸ್ವೀಕರಿಸುವುದೂ, ನಿರಾಕರಿಸಿದಾಗ ಕೋಪಗೊಳ್ಳುವುದೂ ಎರಡೂ ಪರಾಧೀನತೆಯೇ. ಸ್ವತಃ ಓದಿ ಪರೀಕ್ಷಿಸುವುದು ಸ್ವಾಧೀನಮಾರ್ಗ.

೭

ಅಧ್ಯಾಪಕರ ಪರಿಶೀಲನೆಗಾಗಿ ಅಭ್ಯಾಸಕ್ರಮವೊಂದನ್ನು ಸೂಚಿಸುತ್ತೇವೆ. ಮೊದಲು ದೊಡ್ಡಕ್ಷರಗಳನ್ನು ಶಾಸನರೂಪದಲ್ಲಿ ಬರೆಯಲಿ. ಪ್ರತಿಯೊಂದರ ಎದುರಿಗೆ ಅದಕ್ಕೆ ಸಮೀಪವಾದ ಕನ್ನಡಾಕ್ಷರವನ್ನು ಬರೆದುಕೊಳ್ಳಲಿ. ಇಂಗ್ಲಿಷ್ ಅಕ್ಷರವನ್ನು ನಡುವೆ ತಾರದಿರಲಿ. ಅನಂತರ ಸಣ್ಣಕ್ಷರಗಳನ್ನೂ, ಪದಾಂತ್ಯದಲ್ಲಿ ರೂಪ ಬದಲಿಸುವ ಸಿಗ್ಮವನ್ನೂ ಕಲಿಯಲಿ. ಸ್ವರಚಿಹ್ನೆಗಳ ವಿಚಾರ ಮೂರನೆಯದು. ಗ್ರೀಸ್ ದೇಶದವರು ೧೯೮೨ರಲ್ಲಿ ಅವುಗಳನ್ನು ಒಂದೇ ಚಿಹ್ನೆಗೆ ಇಳಿಸಿದರೂ ಪ್ರಾಚೀನ ಗ್ರಂಥಗಳನ್ನು ಓದುವವನಿಗೆ ಅವು ಅಗತ್ಯ. ಅವು ಮೂಲತಃ ಧ್ವನಿಯ ಏರಿಳಿತಗಳಾದುದರಿಂದ, ವೇದದ ಉದಾತ್ತಾನುದಾತ್ತಗಳನ್ನು ಕೇಳಿದವನಿಗೆ ಆ ಕಲ್ಪನೆ ಹೊಸದೇನಲ್ಲ. ಕಡೆಯದಾಗಿ, ಒಂದೇ ಪದವನ್ನು ಪೆರಿಕ್ಲೀಸನ ಕಾಲದ, ಟಾಲೆಮಿಯ ಕಾಲದ ಮತ್ತು ಇಂದಿನ ಬೆಲೆಗಳಂತೆ ಮೂರು ಬಾರಿ ಓದುವ ಅಭ್ಯಾಸವಿರಲಿ.

ಇಷ್ಟರಿಂದ ಯಾರೂ ಗ್ರೀಕ್ ಪಂಡಿತರಾಗುವುದಿಲ್ಲ. ಆದರೆ ಗ್ರೀಕ್ ಹೆಸರೊಂದನ್ನು ಕಂಡಾಗ ಅದು ಯ���ವ ಬಾಯಿಂದ ಯಾವ ಬಾಯಿಗೆ ದಾಟಿ ನಮ್ಮಲ್ಲಿಗೆ ಬಂದಿತೆಂದು ಕೇಳುವ ಶಕ್ತಿ ಬರುತ್ತದೆ. ನಮ್ಮ ಭಾಷೆಯ ಪ್ರಾಚೀನತೆಯ ವಿಷಯದಲ್ಲಿ ಒಂದು ಪಪೈರಸ್ ತುಣುಕನ್ನು ಸಾಕ್ಷಿಗೆ ಕರೆಯುವ ಮೊದಲು, ಆ ಸಾಕ್ಷಿಯ ಮಾತನ್ನು ನಾವೇ ಕೇಳಿ ತಿಳಿಯಬಲ್ಲವರಾಗಿರಬೇಕು.